ಕಾಂಪೌಂಡ್ ಬಿಲ್ಲಿನ ಕ್ಯಾಮ್: ಪೂರ್ತಿ ಎಳೆದ ಸ್ಥಿತಿಯಿಂದ ಹಿಂದಕ್ಕೆ

ಕಾಂಪೌಂಡ್ ಬಿಲ್ಲಿನ ಎರಡು ತುದಿಗಳಲ್ಲಿ ತಿರುಗುವ ಗಾಲಿಯೇ ಕ್ಯಾಮ್. ಅದರ ಆಕಾರ ಬರೆಯಲು ಕೂತವರು ಸಾಮಾನ್ಯವಾಗಿ ಬಿಲ್ಲು ಸುಮ್ಮನೆ ನಿಂತಿರುವ ಸ್ಥಿತಿಯಿಂದ ಶುರು ಮಾಡುತ್ತಾರೆ. ತಪ್ಪೇನಲ್ಲ, ಆದರೆ ಅರ್ಧ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ನಾನು ಪೂರ್ತಿ ಎಳೆದ ಸ್ಥಿತಿಯಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ಇಡೀ ಬಿಲ್ಲಿನಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಇರುವುದು ಅಲ್ಲಿಯೇ. ಪೂರ್ತಿ ಎಳೆದಾಗ ಕೇಬಲ್ಲು, ಕ್ಯಾಮು ಯಾವುದರ ಮೇಲೆ ತಿರುಗುತ್ತದೋ ಆ ಆಕ್ಸಲ್ಲಿಗೆ ಇನ್ನೇನು ತಾಗಿತು ಎನ್ನುವಷ್ಟು ಹತ್ತಿರ ಹಾಯ್ದು ಹೋಗಬೇಕು, ತಾಗಬಾರದು. ಆ ಸಂದಿಯನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದ ಅಳತೆಗಳು ತಾವಾಗಿ ಬಂದು ಕೂರುತ್ತವೆ.

ಇಲ್ಲಿ ಹೇಳುವುದು ಟ್ವಿನ್ ಕ್ಯಾಮ್ ಬಿಲ್ಲಿನ ಬಗ್ಗೆ: ಮೇಲೆ ಕೆಳಗೆ ಒಂದೇ ಆಕಾರದ ಎರಡು ಕ್ಯಾಮು, ಒಂದು ಹೆದೆ, ಎರಡು ಕೇಬಲ್. ಪ್ರತಿ ಕೇಬಲ್ಲಿನ ಒಂದು ತುದಿ ಒಂದು ಕ್ಯಾಮಿಗೆ, ಇನ್ನೊಂದು ತುದಿ ಎರಡು ಕಾಲಾಗಿ ಸೀಳಿ ಎದುರಿನ ಆಕ್ಸಲ್ಲಿಗೆ. ಆ ಸೀಳಿಗೆ ಯೋಕ್ ಎನ್ನುತ್ತೇವೆ. ಬೈನರಿ, ಹೈಬ್ರಿಡ್, ಸಿಂಗಲ್ ಕ್ಯಾಮ್ ಎಂಬ ಬೇರೆ ಜೋಡಣೆಗಳಿಗೂ ತತ್ವ ಒಂದೇ, ಮುಖ್ಯವಾಗಿ ಕೇಬಲ್ಲಿನ ತುದಿ ಎಲ್ಲಿ ಕಟ್ಟಿದೆ ಎನ್ನುವುದು ಬೇರೆ. ಮಿಸ್ಸೌರಿಯ ಹಾಲಿಸ್ ವಿಲ್ಬರ್ ಆ್ಯಲನ್ 1969ರಲ್ಲಿ ಪೇಟೆಂಟ್ ಪಡೆದ ಬಿಲ್ಲಿನಲ್ಲಿದ್ದದ್ದು ನಡುವೆ ಬಿಟ್ಟು ಬದಿಗೆ ತೂತು ಕೊರೆದ ಗಾಲಿಗಳು. ಈಗಿನ ಕ್ಯಾಮು ಎಷ್ಟೇ ವಿಚಿತ್ರ ಆಕಾರದ್ದಾದರೂ ಮಾಡುವ ಕೆಲಸ ಅದೇ: ಹೆದೆಯ ತೋಳು ಬೆಳೆಯುತ್ತಾ ಹೋಗಬೇಕು, ಕೇಬಲ್ಲಿನ ತೋಳು ಕುಗ್ಗುತ್ತಾ ಬರಬೇಕು. ತೋಳು ಎಂದರೆ ಆಕ್ಸಲ್ಲಿನ ನಡುಬಿಂದುವಿನಿಂದ ಹೆದೆ ಅಥವಾ ಕೇಬಲ್ಲಿನ ರೇಖೆಗೆ ಇರುವ ಲಂಬ ದೂರ. ಈ ಎರಡು ತೋಳುಗಳ ಲೆಕ್ಕವೇ ಕ್ಯಾಮಿನ ವಿನ್ಯಾಸ.

ಮೊದಲು ಬಿಲ್ಲಿನ ಜಾತಕ

ಉದಾಹರಣೆಗೆ ಗುರಿ ಸ್ಪರ್ಧೆಯ ಬಿಲ್ಲು ತೆಗೆದುಕೊಳ್ಳುತ್ತೇನೆ. ಪೀಕ್ ವೇಟ್, ಅಂದರೆ ಎಳೆಯುವಾಗ ಬೇಕಾಗುವ ಅತಿ ಹೆಚ್ಚಿನ ಬಲ, 60 ಪೌಂಡ್. ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಆರ್ಚರಿ ಕಾಂಪೌಂಡಿಗೆ ಹಾಕಿರುವ ಮಿತಿಯೂ ಅಷ್ಟೇ. ಡ್ರಾ ಲೆಂತ್ 28.5 ಇಂಚು, ಬ್ರೇಸ್ ಹೈಟ್ (ಸುಮ್ಮನಿದ್ದಾಗ ಹಿಡಿಯಿಂದ ಹೆದೆಗೆ ಇರುವ ದೂರ) 7 ಇಂಚು, ಆಕ್ಸಲ್ಲಿನಿಂದ ಆಕ್ಸಲ್ಲಿಗೆ 36 ಇಂಚು, ಲೆಟ್-ಆಫ್ (ಕೊನೆಯಲ್ಲಿ ಬಲ ಎಷ್ಟು ಇಳಿಯುತ್ತದೆ ಎನ್ನುವುದು) ಶೇ. 75. ಅಂದರೆ ಪೂರ್ತಿ ಎಳೆದಾಗ ಕೈಯಲ್ಲಿ ಉಳಿಯುವುದು 15 ಪೌಂಡ್.

ಹೊಸಬರು ಎಡವುವ ಮೊದಲ ಜಾಗ ಡ್ರಾ ಲೆಂತ್. ಅದು ಪೂರ್ತಿ ಎಳೆದಾಗ ಹಿಡಿಯ ಪಿವೋಟ್ ಬಿಂದುವಿನಿಂದ ಹೆದೆಗೆ ಇರುವ ದೂರಕ್ಕೆ 1.75 ಇಂಚು ಕೂಡಿಸಿದ ಸಂಖ್ಯೆ. ಆದ್ದರಿಂದ ಹೆದೆ ನಿಜಕ್ಕೂ ಬರುವುದು 26.75 ಇಂಚಿನವರೆಗೆ. ಅದರಲ್ಲಿ 7 ಕಳೆದರೆ ಹೆದೆ ಓಡಾಡುವ ದೂರ 19.75 ಇಂಚು. 1.75 ಮರೆತು ಬರೆದ ಕ್ಯಾಮು ಎಲ್ಲಾ ರೀತಿಯಲ್ಲೂ ಸರಿಯಿರುತ್ತದೆ, ಬಿಲ್ಲು ಮಾತ್ರ ಬೇರೆ ಯಾರದೋ ತೋಳಿಗೆ ಹೊಂದುತ್ತದೆ.

ನಂತರ ಎಳೆತದ ನಕ್ಷೆ. ಅಡ್ಡಕ್ಕೆ ದೂರ, ಉದ್ದಕ್ಕೆ ಬಲ. ಮೊದಲ 5 ಇಂಚಿನಲ್ಲಿ ಸೊನ್ನೆಯಿಂದ 60ಕ್ಕೆ ಏರಿಸುತ್ತೇನೆ, ಗೆರೆ ಸ್ವಲ್ಪ ಉಬ್ಬಿರುವುದರಿಂದ ಸರಾಸರಿ 32 ಪೌಂಡ್. ಮುಂದಿನ 9.75 ಇಂಚು ಸಮತಟ್ಟಾಗಿ 60. ಕೊನೆಯ 5 ಇಂಚಿನಲ್ಲಿ 60ರಿಂದ 15ಕ್ಕೆ ಇಳಿಕೆ. ಗೆರೆಯ ಕೆಳಗಿನ ವಿಸ್ತೀರ್ಣ ಕೂಡಿದರೆ 160 ಮತ್ತು 585 ಮತ್ತು 187.5, ಒಟ್ಟು ಸುಮಾರು 932 ಇಂಚು-ಪೌಂಡ್. ಜೂಲ್ ಲೆಕ್ಕದಲ್ಲಿ 105. ಏರಿಕೆಯನ್ನು 3 ಇಂಚಿಗೆ, ಇಳಿಕೆಯನ್ನು 3 ಇಂಚಿಗೆ ಒತ್ತಿದರೆ ಶಕ್ತಿ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ಗುರಿ ಬಿಲ್ಲಿಗೆ ನಾನು ಹಾಗೆ ಮಾಡುವುದಿಲ್ಲ. ಇಳಿಕೆ ಚಿಕ್ಕದಾದಷ್ಟೂ ಬಿಲ್ಲುಗಾರನ ಭುಜ ಒಂದು ಎಳೆ ಸಡಿಲವಾದರೆ ಸಾಕು, ಹೆದೆ ಅವನನ್ನೇ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಕ್ಯಾಮಿನ ಆಕಾರದಲ್ಲೇ ಇದೆ, ಅದಕ್ಕೆ ಬರುತ್ತೇನೆ.

ಲಿಂಬ್: ಮೊದಲೇ ಬಗ್ಗಿರುವ ಸ್ಪ್ರಿಂಗ್

932ರಲ್ಲಿ ಅರ್ಧ, 466 ಇಂಚು-ಪೌಂಡ್, ಪ್ರತಿ ಲಿಂಬಿಗೆ, ಅಂದರೆ ಹಿಡಿಯ ಮೇಲೆ ಮತ್ತು ಕೆಳಗೆ ಬಾಗುವ ಪಟ್ಟಿಗೆ. ಲಿಂಬಿನ ತುದಿಯ ಮೇಲೆ ಸುಮ್ಮನಿದ್ದಾಗ 200 ಪೌಂಡ್, ಪೂರ್ತಿ ಎಳೆದಾಗ 340 ಪೌಂಡ್ ಭಾರ ಇಟ್ಟುಕೊಳ್ಳುತ್ತೇನೆ. ಸರಾಸರಿ 270, ಹಾಗಾಗಿ ತುದಿ ಚಲಿಸಬೇಕಾದ್ದು 1.73 ಇಂಚು, ಅಂದರೆ 44 ಮಿ.ಮೀ. ಗಡಸುತನ ಇಂಚಿಗೆ 81 ಪೌಂಡ್. 200 ಪೌಂಡಿನ ಆರಂಭದ ಭಾರಕ್ಕೆ 63 ಮಿ.ಮೀ. ಮೊದಲೇ ಬಗ್ಗಿರುತ್ತದೆ, ಕೊನೆಗೆ ಒಟ್ಟು ಬಾಗು 107 ಮಿ.ಮೀ.

ಫೈಬರ್‌ಗ್ಲಾಸ್ ಲಿಂಬು ಉದ್ದಕ್ಕೂ ಸಮನಾಗಿ ಬಾಗುವಂತೆ ಅಗಲ ಅಥವಾ ದಪ್ಪವನ್ನು ತುದಿಯ ಕಡೆಗೆ ಇಳಿಸಿದ್ದರೆ ಮೇಲ್ಮೈಯ ಸ್ಟ್ರೇನ್ (ಮೈ ಶೇಕಡಾ ಎಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎನ್ನುವುದು) ತಿಳಿಯುವುದು ಸುಲಭ: ಬಾಗನ್ನು ದಪ್ಪದಿಂದ ಗುಣಿಸಿ, ಬಾಗುವ ಉದ್ದದ ವರ್ಗದಿಂದ ಭಾಗಿಸಿ. ಬಾಗುವ ಉದ್ದ 330, ದಪ್ಪ 9.5 ಮಿ.ಮೀ. ಇದ್ದರೆ ಶೇ. 0.93 ಬರುತ್ತದೆ. ನಾನು ಶೇ. 1 ದಾಟಲು ಬಿಡುವುದಿಲ್ಲ. ದಾಟಿದರೆ ಅವತ್ತೇ ಮುರಿಯದು. ಒತ್ತಿಸಿಕೊಳ್ಳುವ ಮೈಯಲ್ಲಿ, ಲಿಂಬಿನ ಬುಡ ಕೂರುವ ಪಾಕೆಟ್ಟಿನ ಅಂಚಿನ ಹತ್ತಿರ, ಕೂದಲೆಳೆಯಂಥ ಬಿಳಿ ಗೆರೆ ಏಳುತ್ತದೆ. ಹತ್ತಿಯ ಉಂಡೆಯನ್ನು ಲಿಂಬಿನ ಅಂಚಿಗೆ ಸವರಿದರೆ ನಾರು ಎದ್ದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿತೆಂದರೆ ಆ ಲಿಂಬು ಮುಗಿದ ಹಾಗೆ, ಅಂಟು ಹಾಕಿ ಉಳಿಸಲು ಹೋಗಬಾರದು.

ಸೀಳು ಲಿಂಬಾದರೆ (ಮೇಲೆರಡು, ಕೆಳಗೆರಡು ಪಟ್ಟಿ) ನಾಲ್ಕನ್ನೂ ಒಂದೇ ಭಾರಕ್ಕೆ ಬಗ್ಗಿಸಿ ಅಳೆದು ಜೋಡಿ ಮಾಡಬೇಕು. ಎಡದ್ದು ಬಲದ್ದಕ್ಕಿಂತ ಮೆತ್ತಗಿದ್ದರೆ ಆಕ್ಸಲ್ ಓರೆಯಾಗುತ್ತದೆ, ಕ್ಯಾಮ್ ವಾಲುತ್ತದೆ, ಆಮೇಲೆ ಯೋಕಿನಲ್ಲಿ ಎಷ್ಟು ಹುರಿ ಹಾಕಿದರೂ ಒಂದು ಸ್ಥಿತಿಯಲ್ಲಿ ನೆಟ್ಟಗಾದದ್ದು ಇನ್ನೊಂದರಲ್ಲಿ ಸೊಟ್ಟಗಾಗುತ್ತದೆ.

ನಾಲ್ಕು ಮಿಲಿಮೀಟರ್

ಈಗ ಆ ಇಕ್ಕಟ್ಟಿನ ಜಾಗ. ಪೂರ್ತಿ ಎಳೆದಾಗ ಹೆದೆಯ ಪ್ರತಿ ಅರ್ಧವೂ ಲಂಬರೇಖೆಯಿಂದ ಸುಮಾರು 47 ಡಿಗ್ರಿ ವಾಲಿರುತ್ತದೆ. ಕೈಯಲ್ಲಿ 15 ಪೌಂಡ್ ಇದ್ದರೆ ಹೆದೆಯ ಬಿಗಿತ 10.3 ಪೌಂಡ್ ಮಾತ್ರ. ಲಿಂಬು ಹೊರುತ್ತಿರುವ 340ರಲ್ಲಿ ಹೆದೆಯ ಪಾಲು 7, ಉಳಿದ 333 ಎರಡು ಕೇಬಲ್ಲುಗಳದ್ದು: ಕ್ಯಾಮಿಗೆ ಸುತ್ತಿದ ಕೇಬಲ್ ಒಂದು, ಅದೇ ಆಕ್ಸಲ್ಲಿಗೆ ಯೋಕಿನಿಂದ ಕಟ್ಟಿದ ಎದುರಿನ ಕೇಬಲ್ ಇನ್ನೊಂದು. ಒಂದೊಂದಕ್ಕೂ 166 ಪೌಂಡ್ ಬಿಗಿತ.

ಕ್ಯಾಮ್ ತಿರುಗದೆ ನಿಲ್ಲಬೇಕಾದರೆ ಹೆದೆಯ ಬಿಗಿತ ಗುಣಿಸು ಹೆದೆಯ ತೋಳು, ಕೇಬಲ್ಲಿನ ಬಿಗಿತ ಗುಣಿಸು ಕೇಬಲ್ಲಿನ ತೋಳಿಗೆ ಸಮ. 10.3ಕ್ಕೂ 166ಕ್ಕೂ ಅನುಪಾತ 0.062. ಹೆದೆಯ ತೋಳು 65 ಮಿ.ಮೀ. ಇಟ್ಟರೆ ಕೇಬಲ್ಲಿನ ತೋಳು 4.0 ಮಿ.ಮೀ.

ಆಕ್ಸಲ್ 3/16 ಇಂಚಿನದು, ತ್ರಿಜ್ಯ 2.4 ಮಿ.ಮೀ. ಕೇಬಲ್, ಸವೆಯದಂತೆ ಅದರ ಮೇಲೆ ಸುತ್ತಿದ ದಾರ ಅಂದರೆ ಸರ್ವಿಂಗ್ ಸಮೇತ, 2.4 ಮಿ.ಮೀ. ದಪ್ಪ, ಅರ್ಧ 1.2. ಎರಡೂ ಕೂಡಿ 3.6. ಉಳಿದ ಸಂದಿ 0.4 ಮಿ.ಮೀ.

ಈ ಒಂದು ಸಂಖ್ಯೆಯಿಂದ ಎಷ್ಟು ವಿಷಯ ತೀರ್ಮಾನವಾಗುತ್ತದೆ ನೋಡಿ. ಆಕ್ಸಲ್ ಗಟ್ಟಿಯಾಗಲೆಂದು 1/4 ಇಂಚಿಗೆ ಹೋದರೆ ತ್ರಿಜ್ಯ 3.2, ಕೇಬಲ್ ಸೇರಿ 4.4: ಜಾಗವೇ ಇಲ್ಲ. ಲೆಟ್-ಆಫ್ ಶೇ. 80 ಬೇಕೆಂದರೆ ಕೈಯಲ್ಲಿ 12 ಪೌಂಡ್, ಕೇಬಲ್ಲಿನ ತೋಳು 3.2ಕ್ಕೆ ಇಳಿಯಬೇಕು: ಕೇಬಲ್ ಆಕ್ಸಲ್ಲಿಗೆ ಆತುಕೊಳ್ಳುತ್ತದೆ. ಆತುಕೊಂಡ ಕೇಬಲ್ಲಿನ ತೋಳು ಅಲ್ಲಿಂದ ಮುಂದೆ ಕುಗ್ಗುವುದಿಲ್ಲ, ಲೆಕ್ಕದಲ್ಲಿ ಬಂದ ಲೆಟ್-ಆಫ್ ಕೈಗೆ ಸಿಗುವುದಿಲ್ಲ, ಜೊತೆಗೆ ಪ್ರತಿ ಎಳೆತಕ್ಕೂ ಸರ್ವಿಂಗ್ ಆಕ್ಸಲ್ಲಿಗೆ ಉಜ್ಜುತ್ತದೆ. ಹೆಚ್ಚು ಲೆಟ್-ಆಫ್ ಬೇಕಿದ್ದರೆ ಹೆದೆಯ ಪಟ್ಟೆಯನ್ನು (ಕ್ಯಾಮಿನ ಅಂಚಿನಲ್ಲಿ ಹೆದೆ ಕೂರುವ ಗ್ರೂವನ್ನು) ಕೊನೆಯಲ್ಲಿ ದೊಡ್ಡದು ಮಾಡಬೇಕು. ಕ್ಯಾಮು ಭಾರವಾಗುತ್ತದೆ, ಆ ಭಾರ ಬಾಣದ ವೇಗದಲ್ಲಿ ಕಳೆಯುತ್ತದೆ.

ತೆಳು ಆಕ್ಸಲ್ಲಿಗೆ ಬೆಲೆ ತೆರಬೇಕಾದ್ದೂ ಇದೆ. ಕ್ಯಾಮು ಅದರ ಮೇಲೆ ಸುಮಾರು 770 ನ್ಯೂಟನ್ ಹೇರುತ್ತದೆ. ಆಧಾರಗಳ ನಡುವೆ 40 ಮಿ.ಮೀ. ಅಂತರವಿದ್ದು ಭಾರ ನಟ್ಟನಡುವೆ ಬಿತ್ತೆಂದು ಹಿಡಿದರೆ ಬಾಗಿನ ಸ್ಟ್ರೆಸ್ 720 ಮೆಗಾಪಾಸ್ಕಲ್ ದಾಟುತ್ತದೆ. ಮೈಲ್ಡ್ ಸ್ಟೀಲ್ ಸರಳನ್ನು ಕತ್ತರಿಸಿ ಹಾಕಿದರೆ ಮೊದಲ ಎಳೆತಕ್ಕೇ ಬಾಳೆಹಣ್ಣಿನಂತೆ ಬಾಗುತ್ತದೆ. ಹೀಟ್ ಟ್ರೀಟ್ ಮಾಡಿದ ಅಲಾಯ್ ಸ್ಟೀಲ್ ಬೇಕೇ ಬೇಕು. ಬೇರಿಂಗ್ ಆರ್3 ಅಳತೆಯದು, ಒಳಗೆ 3/16, ಹೊರಗೆ 1/2 ಇಂಚು. ಒಂದು ಕ್ಯಾಮಿಗೆ ಎರಡು. ಅವುಗಳನ್ನು ಹೆದೆಯ ಪಟ್ಟೆಯ ಕಡೆಗಲ್ಲ, ಕೇಬಲ್ ಹಾಯುವ ಜಾಗವನ್ನಷ್ಟೇ ಬಿಟ್ಟು ಕೇಬಲ್ ಪಟ್ಟೆಗೆ ಒತ್ತಿಕೊಂಡಂತೆ ಕೂರಿಸುತ್ತೇನೆ. ಹೆದೆ 10 ಪೌಂಡ್ ಎಳೆಯುವಾಗ ಕೇಬಲ್ 166 ಎಳೆಯುತ್ತಿರುತ್ತದೆ. ಬೇರಿಂಗು ಹೆದೆಯ ಕಡೆಗಿದ್ದರೆ ಕ್ಯಾಮು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ.

ಹಿಂದಕ್ಕೆ ಬರುವ ಲೆಕ್ಕ

ಹೆದೆಯ ಪಟ್ಟೆಯನ್ನು ನಾನೇ ಆರಿಸುತ್ತೇನೆ: ಆರಂಭದಲ್ಲಿ ತೋಳು 25 ಮಿ.ಮೀ., ಕೊನೆಗೆ 65, ನಡುವೆ ನಯವಾದ ಏರಿಕೆ. ಕೇಬಲ್ಲಿನ ಪಟ್ಟೆ ಲೆಕ್ಕದಿಂದ ಹುಟ್ಟಬೇಕು. 19.75 ಇಂಚನ್ನು ಕಾಲಿಂಚಿನ 79 ತುಂಡು ಮಾಡಿ ಎಕ್ಸೆಲ್ಲಿನಲ್ಲಿ ಒಂದೊಂದು ಸಾಲು. ಪ್ರತಿ ಸಾಲಿನಲ್ಲೂ ನಕ್ಷೆಯ ವಿಸ್ತೀರ್ಣದಿಂದ ಅಲ್ಲಿಯವರೆಗೆ ಲಿಂಬು ನುಂಗಿದ ಶಕ್ತಿ, ಅದರಿಂದ ಲಿಂಬಿನ ಬಾಗು ಮತ್ತು ಭಾರ, ಬಾಗಿನಿಂದ ಆಕ್ಸಲ್ ಇರುವ ಜಾಗ, ಅದರಿಂದ ಹೆದೆಯ ಕೋನ. ಕೋನ ಸಿಕ್ಕರೆ ಹೆದೆಯ ಬಿಗಿತ, ಲಿಂಬಿನ ಭಾರದಲ್ಲಿ ಅದರ ಪಾಲು ಕಳೆದು ಎರಡರಿಂದ ಭಾಗಿಸಿದರೆ ಕೇಬಲ್ಲಿನ ಬಿಗಿತ, ಕೊನೆಗೆ ಕೇಬಲ್ಲಿನ ತೋಳು.

ಈ ಬಿಲ್ಲಿಗೆ ಬರುವ ಅಂಕಿಗಳು ಹೀಗೆ. ಸುಮ್ಮನಿದ್ದಾಗ ಹೆದೆ 89 ಪೌಂಡ್, ಕೇಬಲ್ 56, ತೋಳುಗಳು 25 ಮತ್ತು 40 ಮಿ.ಮೀ. ಸುಮಾರು ಅರ್ಧ ಎಳೆದಾಗ ಹೆದೆ 58, ಕೇಬಲ್ 110, ತೋಳುಗಳು 50 ಮತ್ತು 26. ಇಳಿಕೆ ಶುರುವಾಗುವಲ್ಲಿ 60 ಮತ್ತು 20. ಕೊನೆಗೆ 65 ಮತ್ತು 4. ಬಿಲ್ಲು ಎಳೆದಂತೆ ಹೆದೆ ಸಡಿಲವಾಗುತ್ತಾ ಹೋಗುತ್ತದೆ ಎನ್ನುವುದು ಮೊದಲ ಸಲ ಲೆಕ್ಕ ಮಾಡುವವರಿಗೆ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ.

ಇಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ತಿರುಗಿದ ಕೋನದ್ದು. ಹೆದೆ ಕ್ಯಾಮಿನಿಂದ ಬಿಚ್ಚಿಕೊಳ್ಳುವ ಕೋನ ಎಂದರೆ ಕ್ಯಾಮು ತಿರುಗಿದಷ್ಟೇ ಅಲ್ಲ. ಕ್ಯಾಮು ಒಂದು ಕಡೆ ತಿರುಗುತ್ತಿರುವಾಗಲೇ ಹೆದೆ ಬಿಲ್ಲುಗಾರನ ಕಡೆಗೆ 47 ಡಿಗ್ರಿ ವಾಲಿಕೊಂಡಿರುತ್ತದೆ. ಬಿಚ್ಚಿಕೊಂಡದ್ದು ಆ ಎರಡರ ಮೊತ್ತ: ಕ್ಯಾಮು 206 ಡಿಗ್ರಿ ತಿರುಗಿದರೆ ಹೆದೆಯ ಪಟ್ಟೆ ಖರ್ಚಾಗುವುದು 253 ಡಿಗ್ರಿ. ಕೇಬಲ್ಲಿನ ದಿಕ್ಕು ಹೆಚ್ಚು ಬದಲಾಗುವುದಿಲ್ಲ, ಅದಕ್ಕೆ ಕ್ಯಾಮಿನ ತಿರುಗನ್ನೇ ಹಿಡಿದರೆ ಸಾಕು. ಹೆದೆಗೂ ಬರೀ 206 ಹಿಡಿದು ಬರೆದ ಕ್ಯಾಮಿನಲ್ಲಿ ಎರಡು ಪಟ್ಟೆಗಳು ಒಂದಕ್ಕೊಂದು ಜಾರಿಕೊಂಡು, ಇಳಿಕೆ ಬರಬೇಕಾದ ಇಂಚಿನಲ್ಲಿ ಬರುವುದೇ ಇಲ್ಲ. ತಾಳೆ ನೋಡಲು ಒಂದು ದಾರಿ ಇದೆ: ಹೆದೆ ಬಿಚ್ಚಿದ ಉದ್ದದಿಂದ ಬರುವ ತಿರುಗು, ಕೇಬಲ್ ಸುತ್ತಿದ ಉದ್ದದಿಂದ ಬರುವ ತಿರುಗು, ಎರಡೂ ಒಂದೇ ಆಗಬೇಕು. ಆಕ್ಸಲ್ಲುಗಳು ಒಟ್ಟು 88 ಮಿ.ಮೀ. ಹತ್ತಿರ ಬರುತ್ತವೆ, ಅದಿಷ್ಟನ್ನೂ ಪ್ರತಿ ಕೇಬಲ್ ತನ್ನ ಕ್ಯಾಮಿಗೆ ಸುತ್ತಿಕೊಂಡಿರಬೇಕು. ಎರಡು ದಾರಿಯ ಉತ್ತರದಲ್ಲಿ 1 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಕ್ಯಾಮ್ ಕತ್ತರಿಸಲು ಕೊಡುವುದಿಲ್ಲ.

ತೋಳಿನಿಂದ ಆಕಾರಕ್ಕೆ

ತೋಳುಗಳ ಪಟ್ಟಿ ಸಿಕ್ಕ ಮೇಲೆ ಅದನ್ನೇ ತ್ರಿಜ್ಯವೆಂದು ತಿಳಿದು ಗೆರೆ ಎಳೆಯುವವರಿದ್ದಾರೆ. ತೋಳು ತ್ರಿಜ್ಯವಲ್ಲ. ಹೆದೆ ಕ್ಯಾಮನ್ನು ಮುಟ್ಟುವ ಬಿಂದು ಆ ಲಂಬದ ಬುಡದಲ್ಲಿ ಇರುವುದಿಲ್ಲ. ಹೆದೆಯ ರೇಖೆಯ ಉದ್ದಕ್ಕೆ ಅಷ್ಟು ದೂರ ಸರಿದಿರುತ್ತದೆ, ಎಷ್ಟೆಂದರೆ ತೋಳು ಪ್ರತಿ ರೇಡಿಯನ್ನಿಗೆ ಎಷ್ಟು ಬದಲಾಗುತ್ತಿದೆಯೋ ಅಷ್ಟು. ಪ್ರತಿ ಕೋನಕ್ಕೂ ಹೆದೆಯ ಸರಳರೇಖೆ ಎಳೆದು, ಆ ಎಲ್ಲಾ ರೇಖೆಗಳನ್ನು ಒಳಗಿನಿಂದ ಸವರಿಕೊಂಡು ಹೋಗುವ ವಕ್ರರೇಖೆಯೇ ಪಟ್ಟೆ. ಕ್ಯಾಡ್‌ನಲ್ಲಿ 2 ಡಿಗ್ರಿಗೊಂದು ರೇಖೆ ಎಳೆದರೆ ಆಕಾರ ಕಣ್ಣೆದುರೇ ಮೂಡುತ್ತದೆ.

ಪಟ್ಟೆಯ ಬಾಗಿನ ತ್ರಿಜ್ಯ ಎಂದರೆ ತೋಳು, ಅದಕ್ಕೆ ಕೂಡಿಸಿದ ತೋಳಿನ ಎರಡನೇ ಅವಕಲನ, ಅಂದರೆ ತೋಳು ಬದಲಾಗುವ ದರವೇ ರೇಡಿಯನ್ನಿಗೆ ಎಷ್ಟು ಬದಲಾಗುತ್ತಿದೆ ಎನ್ನುವುದು. ಈ ಮೊತ್ತ ಸೊನ್ನೆಗಿಂತ ಕೆಳಗಿಳಿಯಬಾರದು. ಇಳಿದರೆ ಪಟ್ಟೆಯಲ್ಲಿ ತಗ್ಗು ಬರಬೇಕಾಗುತ್ತದೆ, ಬಿಗಿಯಾದ ಕೇಬಲ್ಲು ತಗ್ಗಿನೊಳಗೆ ಇಳಿಯುವುದಿಲ್ಲ, ಸೇತುವೆಯ ಹಾಗೆ ದಾಟಿಕೊಂಡು ಹೋಗುತ್ತದೆ. ಆಗ ಕಾಗದದ ನಕ್ಷೆಯೇ ಬೇರೆ, ಬಿಲ್ಲಿನ ನಕ್ಷೆಯೇ ಬೇರೆ.

ನಮ್ಮ ಉದಾಹರಣೆಯಲ್ಲೇ ನೋಡೋಣ. ಇಳಿಕೆಗೆ ಮುಂಚೆ ಕೇಬಲ್ಲಿನ ತೋಳು ರೇಡಿಯನ್ನಿಗೆ ಸುಮಾರು 8 ಮಿ.ಮೀ. ಕುಗ್ಗುತ್ತಿತ್ತು. ಕೊನೆಯ 65 ಡಿಗ್ರಿಯಲ್ಲಿ 20ರಿಂದ 4ಕ್ಕೆ ಬರಬೇಕಾದರೆ ಆ ದರ 16ರ ಸುಮಾರಿಗೆ ಏರಬೇಕು. ಈ ತಿರುವನ್ನು 0.4 ರೇಡಿಯನ್ನಿನಲ್ಲಿ, ಅಂದರೆ 23 ಡಿಗ್ರಿಯಲ್ಲಿ ಮುಗಿಸಿದರೆ ಎರಡನೇ ಅವಕಲನ ಮೈನಸ್ 20. ತೋಳೂ 20. ಮೊತ್ತ ಸೊನ್ನೆ: ಪಟ್ಟೆಯಲ್ಲಿ ಚೂರಿಯ ಮೊನೆ. ಅದೇ ತಿರುವನ್ನು 0.8 ರೇಡಿಯನ್ನಿಗೆ ಹರಡಿದರೆ 10 ಮಿ.ಮೀ. ತ್ರಿಜ್ಯ ಉಳಿಯುತ್ತದೆ, ಕೇಬಲ್ ನೆಮ್ಮದಿಯಾಗಿ ಕೂರುತ್ತದೆ. ನಕ್ಷೆಯಲ್ಲಿ ಸಮತಟ್ಟು ಮುಗಿದು ಇಳಿಕೆ ಶುರುವಾಗುವ ಮೂಲೆಯನ್ನು ನಾನು ದುಂಡಗೆ ಮಾಡುವುದು ಇದಕ್ಕೇ. ಮೂಲೆ ಚೂಪಾಗಿಯೇ ಇರಲಿ ಎಂದು ಹಟ ಹಿಡಿದರೆ ಕೇಬಲ್ಲಿನ ಒಂದೇ ಜಾಗದಲ್ಲಿ ಸರ್ವಿಂಗ್ ಹರಿಯುತ್ತಿರುತ್ತದೆ. ಕಡಿಮೆ ಎಂದರೆ 6 ಮಿ.ಮೀ. ತ್ರಿಜ್ಯ ಎಲ್ಲಾ ಕಡೆ ಇಟ್ಟುಕೊಳ್ಳುತ್ತೇನೆ. ತೋಳು 4ಕ್ಕೆ ಬರುವ ಕೊನೆಯ ತುದಿಯಲ್ಲಿ ಇದನ್ನು ಕಾಯ್ದುಕೊಳ್ಳಲು ಇಳಿಕೆ ಅಲ್ಲಿ ನಿಧಾನವಾಗಲೇಬೇಕು. ಬಿಲ್ಲುಗಾರನಿಗೆ ಮೆತ್ತನೆಯ ವ್ಯಾಲಿ (ಎಳೆತದ ಕೊನೆಯಲ್ಲಿ ಬಲ ಕಡಿಮೆ ಇರುವ ತಗ್ಗು) ಸಿಗುವುದೂ ಅಲ್ಲಿಯೇ.

ಇನ್ನೊಂದು ಸಣ್ಣ ಅಳತೆ, ದೊಡ್ಡ ಪರಿಣಾಮ. ಲೆಕ್ಕದ ರೇಖೆ ಕೇಬಲ್ಲಿನ ನಡುವಿನದು. ಗ್ರೂವಿನ ತಳ ಅದಕ್ಕಿಂತ ಅರ್ಧ ದಪ್ಪದಷ್ಟು, 1.2 ಮಿ.ಮೀ., ಒಳಗಿರಬೇಕು. ಮರೆತು ತಳವನ್ನೇ ಆ ರೇಖೆಗೆ ಕೊರೆದರೆ ಆರಂಭದಲ್ಲಿ 40 ಇದ್ದದ್ದು 41.2 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯಲ್ಲಿ 4 ಇದ್ದದ್ದು 5.2. ಕೈಯಲ್ಲಿ ಉಳಿಯಬೇಕಾದ 15 ಪೌಂಡ್ 19 ಆಗಿ, ಶೇ. 75ರ ಬಿಲ್ಲು ಶೇ. 68ರದ್ದಾಗುತ್ತದೆ. ಸರ್ವಿಂಗ್ ದಾರ ಬದಲಿಸಿದರೂ ಇದೇ ಕಥೆ. 0.014 ಇಂಚಿನ ದಾರದ ಬದಲು 0.021ರದ್ದು ಸುತ್ತಿದರೆ ಕೇಬಲ್ಲಿನ ನಡು 0.18 ಮಿ.ಮೀ. ಹೊರಗೆ ಸರಿದು ಹಿಡಿತದ ಭಾರ ಮುಕ್ಕಾಲು ಪೌಂಡಿನ ಹತ್ತಿರ ಏರುತ್ತದೆ. ಕ್ಯಾಮು ಬದಲಾಗಿಲ್ಲ, ಲಿಂಬು ಬದಲಾಗಿಲ್ಲ, ಬಿಲ್ಲು ಬೇರೆಯಾಗಿದೆ ಎಂದು ತಲೆ ಕೆರೆದುಕೊಳ್ಳುವವರು ಮೊದಲು ವರ್ನಿಯರ್ ಹಿಡಿದು ಸರ್ವಿಂಗ್ ಅಳೆಯಲಿ.

ಪ್ಲೈವುಡ್ ಕ್ಯಾಮು, ಆಮೇಲೆ ಅಲ್ಯೂಮಿನಿಯಂ

ಲೋಹ ಕತ್ತರಿಸುವ ಮುಂಚೆ 12 ಮಿ.ಮೀ. ಪ್ಲೈವುಡ್‌ನಲ್ಲಿ ಒಂದು ಕ್ಯಾಮ್ ಮಾಡುತ್ತೇನೆ. ಇದನ್ನು ಬಿಲ್ಲಿಗೆ ಹಾಕಬಾರದು, ಸಿಡಿಯುತ್ತದೆ. ಗೋಡೆಗೆ ಹೊಡೆದ ಗೂಟದ ಮೇಲೆ ಬೇರಿಂಗ್ ಹಾಕಿ ಕೂರಿಸಿ, ಕೇಬಲ್ ಪಟ್ಟೆಗೆ 5 ಕೆ.ಜಿ. ತೂಗುಹಾಕಿ, ಹೆದೆಯ ಪಟ್ಟೆಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, 15 ಡಿಗ್ರಿಗೊಮ್ಮೆ ಓದಿಕೊಳ್ಳುವುದು. ಆರಂಭದಲ್ಲಿ ತಕ್ಕಡಿ 8 ಕೆ.ಜಿ. ತೋರಿಸಬೇಕು, ಕೊನೆಗೆ ಸುಮಾರು 310 ಗ್ರಾಂ. ಎರಡು ತೋಳುಗಳ ಅನುಪಾತ ನೇರ ಕೈಗೆ ಸಿಗುವ ಪರೀಕ್ಷೆ ಇದು. ತಕ್ಕಡಿ ಹಿಡಿಯುವ ಕೋನವನ್ನು ಪ್ರತಿ ಸಲ ಲೆಕ್ಕದ ಹೆದೆಯ ಕೋನಕ್ಕೆ ಹೊಂದಿಸಬೇಕು. ಕೊನೆಯ ಓದುಗಳಲ್ಲಿ ಕ್ಯಾಮಿನ ಸ್ವಂತ ತೂಕವೇ ಒಂದು ಕಡೆ ಜಗ್ಗಿ ಅಂಕಿ ಕೆಡಿಸುತ್ತದೆ, 5 ಕೆ.ಜಿ. ತೆಗೆದು ಖಾಲಿ ಓದು ತೆಗೆದುಕೊಂಡು ಕಳೆಯಬೇಕು. 310ರ ಬದಲು 400 ಬಂದರೆ ಪಟ್ಟೆಯ ಕೊನೆಯ ಭಾಗವನ್ನು ಅರದಿಂದ ಉಜ್ಜಿ ನೋಡಬಹುದು, ಮರಕ್ಕೆ ಅದು ಸಲೀಸು.

ಲೋಹಕ್ಕೆ 6061-ಟಿ6 ಸಾಕು. ಗೋಡೆ ತೆಳುವಾಗಿಸಿ ತೂಕ ಇಳಿಸಬೇಕಿದ್ದರೆ 7075-ಟಿ6. ಗ್ರೂವಿನ ತುಟಿಯಲ್ಲಿ ಬರ್ (ಕತ್ತರಿಸಿದಾಗ ಏಳುವ ಚೂಪು ಅಂಚು) ಉಳಿಯದಂತೆ ನೋಡಿಕೊಳ್ಳಿ, ಹೊಲಿಗೆ ದಾರವೊಂದನ್ನು ಇಡೀ ಪಟ್ಟೆಗೆ ಎಳೆದಾಗ ಎಲ್ಲಿಯೂ ತೊಡರಬಾರದು. ಸುಮ್ಮನಿರುವ ಸ್ಥಿತಿಗಿಂತ ಹಿಂದಕ್ಕೂ ಹೆದೆಯ ಪಟ್ಟೆ 15–20 ಡಿಗ್ರಿ ಮುಂದುವರಿಯಬೇಕು. ಬಾಣ ಬಿಟ್ಟ ಮೇಲೆ ಕ್ಯಾಮು ನಿಲ್ಲಬೇಕಾದಲ್ಲಿ ನಿಲ್ಲದೆ ಸ್ವಲ್ಪ ದಾಟಿಹೋಗುತ್ತದೆ, ಅಲ್ಲಿ ಗ್ರೂವ್ ಮುಗಿದಿದ್ದರೆ ಹೆದೆ ಹೊರಗೆ ಹಾರುತ್ತದೆ. ಪೂರ್ತಿ ಎಳೆದಾಗ ಕ್ಯಾಮನ್ನು ತಡೆದು ನಿಲ್ಲಿಸುವ ಡ್ರಾ ಸ್ಟಾಪಿಗೆ ಲಿಂಬಿಗೆ ತಾಗುವ ಗೂಟವನ್ನೇ ಇಷ್ಟಪಡುತ್ತೇನೆ. ಕೇಬಲ್ಲಿಗೆ ತಾಗುವ ಸ್ಟಾಪು ಕೇಬಲ್ಲನ್ನೇ ಬಗ್ಗಿಸುವುದರಿಂದ ವಾಲ್ (ಎಳೆತ ಮುಗಿದಲ್ಲಿ ಕೈಗೆ ಸಿಗುವ ತಡೆ) ಸ್ಪಂಜಿನಂತಿರುತ್ತದೆ, ಮೇಲಾಗಿ ನಾವು ಕಾಪಾಡಿಕೊಂಡು ಬಂದ 0.4 ಮಿ.ಮೀ. ಸಂದಿಗೂ ಅದು ಕೈ ಹಾಕುತ್ತದೆ.

ಹೆದೆಗೆ ವೆಕ್ಟ್ರಾನ್ ಬೆರೆಸಿದ ದಾರ, 452ಎಕ್ಸ್ ಥರದ್ದು. ಡೈನೀಮಾ ನಾರು ಮಾತ್ರ ಇರುವ ದಾರಕ್ಕಿಂತ ಇದಕ್ಕೆ ನಿಧಾನಕ್ಕೆ ಉದ್ದವಾಗುವ ಗುಣ ಕಡಿಮೆ. ಉದ್ದ ಅಳೆಯುವಾಗ 1/4 ಇಂಚಿನ ಗೂಟಗಳಿಗೆ ಸಿಕ್ಕಿಸಿ 100 ಪೌಂಡ್ ಬಿಗಿತದಲ್ಲಿ ಅಳೆಯಬೇಕು. ಮೇಜಿನ ಮೇಲೆ ಚಾಚಿ ಅಳೆದ ಉದ್ದಕ್ಕೆ ಅರ್ಥವಿಲ್ಲ. ಸರ್ವಿಂಗ್ ಸುತ್ತುವ ಮುಂಚೆ 300 ಪೌಂಡಿನಲ್ಲಿ ಎಳೆದು ಇಟ್ಟರೆ ಆಮೇಲಿನ ಕಾಟ ಬಹಳ ತಪ್ಪುತ್ತದೆ.

ಡ್ರಾ ಬೋರ್ಡಿನ ಮೇಲೆ

ಮೊದಲ ಎಳೆತ ಕೈಯಿಂದಲ್ಲ. ದಪ್ಪ ಹಲಗೆ, ಒಂದು ತುದಿಯಲ್ಲಿ ಹಿಡಿ ಕೂರುವ ಕೊಂಡಿ, ಇನ್ನೊಂದು ತುದಿಯಲ್ಲಿ ಕೈ ವಿಂಚು, ನಡುವೆ ತಕ್ಕಡಿ. ಲಿಂಬ್ ಬೋಲ್ಟುಗಳನ್ನು ಸಡಿಲ ಮಾಡಿ 40 ಪೌಂಡಿನಿಂದ ಶುರು. ಬಿಲ್ಲು ಮತ್ತು ಹೆದೆ ಇರುವ ಸಮತಲದ ನೇರಕ್ಕೆ ಮುಖ ಇಡಬಾರದು, ಬದಿಗೆ ನಿಲ್ಲಬೇಕು. ಬಾಣವಿಲ್ಲದೆ ಹೆದೆ ಬಿಡುವ ಮಾತೇ ಇಲ್ಲ; ಬಾಣಕ್ಕೆ ಹೋಗಬೇಕಾದ 85 ಜೂಲಿನಷ್ಟು ಶಕ್ತಿ ಲಿಂಬು, ಆಕ್ಸಲ್, ಕ್ಯಾಮುಗಳ ಮೈಯಲ್ಲೇ ಉಳಿಯುತ್ತದೆ.

ಅರ್ಧ ಇಂಚಿಗೊಮ್ಮೆ ಎಳೆಯುತ್ತಾ ಒಂದು ಓದು, ಬಿಡುತ್ತಾ ಒಂದು ಓದು. ಎರಡು ಗೆರೆಗಳ ನಡುವಿನ ಅಂತರ ಘರ್ಷಣೆ. ಸರಾಸರಿ 2.5 ಪೌಂಡ್ ಅಂತರವಿದ್ದರೆ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 5 ಅಲ್ಲೇ ಹೋಯಿತು. ಹೆಚ್ಚು ಬಂದರೆ ಮೊದಲು ಕೇಬಲ್ ಗಾರ್ಡ್ (ಕೇಬಲ್ಲುಗಳನ್ನು ಬಾಣದ ದಾರಿಯಿಂದ ಬದಿಗೆ ಸರಿಸಿ ಹಿಡಿಯುವ ಸರಳು) ನೋಡುತ್ತೇನೆ. ಪ್ಲಾಸ್ಟಿಕ್ ಸ್ಲೈಡ್ ಇದ್ದರೆ ಅದು ಸರಳಿನ ಮೇಲೆ ಕಚ್ಚುತ್ತಿರುತ್ತದೆ, ರೋಲರಿಗೆ ಬದಲಿಸಿದರೆ ಗೆರೆಗಳು ಹತ್ತಿರವಾಗುತ್ತವೆ.

ಟೈಮಿಂಗ್: ಎರಡೂ ಕ್ಯಾಮಿನ ಸ್ಟಾಪು ಒಟ್ಟಿಗೆ ತಾಗಬೇಕು. ಇದು ಟ್ವಿನ್ ಕ್ಯಾಮಿನ ಹಳೆಯ ತಲೆನೋವು, ಎರಡು ಕ್ಯಾಮನ್ನು ಒಂದಕ್ಕೊಂದು ಕಟ್ಟಿಹಾಕುವ ಏರ್ಪಾಡು ಇದರಲ್ಲಿ ಇಲ್ಲ. ಮೇಲಿನದು ಮೊದಲು ತಾಗಿದರೆ ಮೇಲಿನ ಕ್ಯಾಮಿಗೆ ಸುತ್ತುವ ಕೇಬಲ್ಲಿಗೆ ಅರ್ಧರ್ಧ ಸುತ್ತು ಹುರಿ ಏರಿಸಿ. ಕೇಬಲ್ ಗಿಡ್ಡವಾದರೆ ಕ್ಯಾಮನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಹುರಿ ಏರಿಸಲು ಜಾಗ ಇಲ್ಲದಿದ್ದರೆ ಕೆಳಗಿನದರ ಕೇಬಲ್ಲಿನಿಂದ ಹುರಿ ಇಳಿಸಿದರೂ ಅದೇ ಫಲ. ಸರಿಯಾದ ಮೇಲೆ, ಬಿಲ್ಲು ಸುಮ್ಮನಿರುವಾಗ ಪ್ರತಿ ಕ್ಯಾಮಿನ ಮೇಲೆ ಕೇಬಲ್ಲಿಗೆ ಸಮಾನಾಂತರವಾಗಿ ಒಂದು ಗೆರೆ ಗೀರಿಬಿಡುತ್ತೇನೆ. ಇನ್ನು ಮುಂದೆ ಅದೇ ಸಾಕ್ಷಿ.

ಕ್ಯಾಮ್ ವಾಲಿರುವುದನ್ನು ನೋಡಲು ನೆಟ್ಟಗಿನ ಬಾಣವೊಂದನ್ನು ಕ್ಯಾಮಿನ ಚಪ್ಪಟೆ ಮೈಗೆ ಆನಿಸಿ ಹೆದೆಯ ಕಡೆ ಚಾಚಬೇಕು. ಬಾಣ ಹೆದೆಗೆ ಸಮಾನಾಂತರವಾಗಿ ಇದ್ದರೆ ಸರಿ. ವಾಲಿದ್ದರೆ ಯಾವ ಬದಿಯ ಲಿಂಬಿನ ತುದಿ ತಗ್ಗಬೇಕೋ ಆ ಬದಿಯ ಯೋಕಿನ ಕಾಲಿಗೆ ಅರ್ಧ ಸುತ್ತು ಏರಿಸಿ, ಇನ್ನೊಂದು ಕಾಲಿನಿಂದ ಅರ್ಧ ಇಳಿಸಿ. ಒಟ್ಟು ಉದ್ದ ಬದಲಾಗದಿದ್ದರೆ ಟೈಮಿಂಗ್ ಹಾಳಾಗುವುದಿಲ್ಲ. ಸುಮ್ಮನಿದ್ದಾಗ ಕೇಬಲ್ಲಿನ ಬಿಗಿತ 56 ಪೌಂಡ್, ಎಳೆದಾಗ 166. ಕೇಬಲ್ ಗಾರ್ಡ್ ಅದನ್ನು ಬದಿಗೆ ಜಗ್ಗುವುದೂ ಅದೇ ಪ್ರಮಾಣದಲ್ಲಿ ಮೂರು ಪಟ್ಟಾಗುತ್ತದೆ. ಎರಡೂ ಸ್ಥಿತಿಯಲ್ಲಿ ಕ್ಯಾಮು ನೆಟ್ಟಗಿರುವಂತೆ ಮಾಡಲು ಆಗುವುದಿಲ್ಲ. ನಾನು ಎಳೆದ ಸ್ಥಿತಿಯಲ್ಲಿ ನೆಟ್ಟಗಿರಿಸಿ, ಸುಮ್ಮನಿರುವಾಗ ಎದುರು ಬದಿಗೆ ಒಂದಿಷ್ಟು ವಾಲಿರಲು ಬಿಡುತ್ತೇನೆ.

ವೇಗದ ಲೆಕ್ಕ ಕೊನೆಯದು. 105 ಜೂಲಿನಲ್ಲಿ ಶೇ. 82 ಬಾಣಕ್ಕೆ ಹೋದರೆ 350 ಗ್ರೇನಿನ ಬಾಣ ಸೆಕೆಂಡಿಗೆ 87 ಮೀಟರ್, ಅಂದರೆ 286 ಅಡಿ. ಉಳಿದ ಶಕ್ತಿ ಕ್ಯಾಮು, ಹೆದೆ, ಲಿಂಬಿನ ತುದಿಗಳ ಪಾಲು; ಅವೆಲ್ಲವನ್ನೂ ಬಾಣದ ಜೊತೆಗೆ ಓಡುವ 5 ಗ್ರಾಂ ಹೆಚ್ಚುವರಿ ತೂಕವೆಂದು ಭಾವಿಸಿದರೆ ಬೇರೆ ಬಾಣಗಳ ಲೆಕ್ಕವೂ ಸರಾಗ: 450 ಗ್ರೇನಿನದು 78 ಮೀಟರ್ ವೇಗದಲ್ಲಿ ಹೋಗುತ್ತದೆ, ಬಿಲ್ಲಿನ ದಕ್ಷತೆ ಶೇ. 85ಕ್ಕೆ ಏರುತ್ತದೆ. ಬಾಣದ ವೇಗ ಅಳೆಯುವ ಕ್ರೋನೋಗ್ರಾಫ್ ಇದಕ್ಕಿಂತ ಸೆಕೆಂಡಿಗೆ 10 ಅಡಿ ಕಡಿಮೆ ತೋರಿಸಿದರೆ ಕ್ಯಾಮನ್ನು ದೂರುವ ಮೊದಲು ಹೆದೆಯ ಮೇಲೆ ಏನೇನು ಕಟ್ಟಿದ್ದೀರಿ ಎಂದು ನೋಡಿ. ಪೀಪ್ (ಗುರಿ ನೋಡುವ ತೂತು), ಡಿ-ಲೂಪು (ಎಳೆಯಲು ಕಟ್ಟಿದ ಕುಣಿಕೆ), ಸೈಲೆನ್ಸರು, ಎಲ್ಲವೂ ಆ 5 ಗ್ರಾಮಿಗೆ ಸೇರುತ್ತವೆ.

ಇನ್ನೂರು ಬಾಣ ಬಿಟ್ಟ ಮೇಲೆ ಮತ್ತೆ ಬೋರ್ಡಿಗೆ ಹಾಕುತ್ತೇನೆ. ಕೇಬಲ್ ಉದ್ದವಾಗಿದ್ದರೆ ಲಿಂಬು ಒಂದಿಷ್ಟು ಸಡಿಲಾಗಿ, ಕ್ಯಾಮು ಸುಮ್ಮನಿರುವಾಗಲೇ ಮುಂದಕ್ಕೆ ತಿರುಗಿ ನಿಂತಿರುತ್ತದೆ. ಗೀರಿದ ಗೆರೆ ಕೇಬಲ್ಲಿಗೆ ಓರೆಯಾಗಿ ಕಾಣುತ್ತದೆ. ಗೆರೆ ಮತ್ತೆ ಸಮಾನಾಂತರಕ್ಕೆ ಬರುವವರೆಗೆ ಎರಡೂ ಕೇಬಲ್ಲಿಗೆ ಹುರಿ. ಆಮೇಲೆ ಆಕ್ಸಲ್ಲಿನ ಬರಿಮೈಗೆ ಕಪ್ಪು ಮಾರ್ಕರ್ ಬಳಿದು ಬೋರ್ಡಿನ ಮೇಲೆಯೇ ಹತ್ತು ಸಲ ಪೂರ್ತಿ ಎಳೆದು ವಿಂಚಿನಿಂದ ನಿಧಾನಕ್ಕೆ ಹಿಂದಿರುಗಿಸಬೇಕು. ಮಸಿ ಹಾಗೇ ಉಳಿದಿದ್ದರೆ ಸಂದಿ ಇದೆ. ಕೂದಲಷ್ಟು ಅಗಲದ ಹೊಳೆಯುವ ಗೆರೆ ಕಂಡರೆ ಕೇಬಲ್ ತಾಗುತ್ತಿದೆ, ಡ್ರಾ ಸ್ಟಾಪನ್ನು ಎರಡು ಡಿಗ್ರಿ ಮೊದಲೇ ತಾಗುವಂತೆ ಸರಿಸಬೇಕು.